ಐದನೇ ಟ್ಯಾಂಕಿಗೆ ಇಳಿಬಿಟ್ಟ ದೀಪ

ನನ್ನ ತಂಗಿ ಶಾಂತಿಗೆ ಎರಡು ಮಾತು ಹೇಳಬೇಕಿತ್ತು. ಅದಕ್ಕಾಗಿಯೇ ಹಡಗಿನಿಂದ ಬಂದವನು ಹರವೆಯ ನನ್ನ ಮನೆಗೂ ಹೋಗದೆ, ಕೋಯಿಕ್ಕೋಡಿನ ಬಸ್ಸಿನಿಂದ ಗುಂಡ್ಲುಪೇಟೆಯಲ್ಲಿ ಇಳಿದು, ನಿಂತ ಕಾಲಲ್ಲೇ ಚಾಮರಾಜನಗರದ ಬಸ್ಸು ಹತ್ತಿದೆ. ಅಲ್ಲಿಂದ ಚಂದಕವಾಡಿ. ಮೊದಲನೇ ಮಾತನ್ನು ಹೇಗೋ ಹೇಳಿಬಿಡಬಹುದು. ಎರಡನೆಯದನ್ನು ನಾಲ್ಕು ತಿಂಗಳು ಸಮುದ್ರದ ಮೇಲೆ ಬಾಯಿಪಾಠ ಮಾಡಿದ್ದೆ, ಒಂದು ದಿನವೂ ಕೊನೆ ಮುಟ್ಟಿಸಲು ಆಗಿರಲಿಲ್ಲ.

ಶಾಂತಿಯ ಗಂಡ ನಿಂಗರಾಜು ನಾನಿದ್ದ ಹಡಗಿನಲ್ಲೇ ಸತ್ತ. ಐದನೇ ನಂಬರ್ ಟ್ಯಾಂಕಿನೊಳಗೆ. ಕಂಪನಿಯವರು ಮನೆಗೆ ಕಳಿಸಿದ ಕಾಗದದಲ್ಲಿ, ಅವನು ಯಾರನ್ನೂ ಕೇಳದೆ, ಒಳಗಿನ ಗಾಳಿ ಪರೀಕ್ಷೆ ಮಾಡಿಸದೆ, ತನ್ನಷ್ಟಕ್ಕೆ ತಾನೇ ಇಳಿದ ಅಂತ ಬರೆದಿದೆ. ಅದರ ಕೆಳಗೆ ಸಾಕ್ಷಿಯ ಸಹಿ ಇದೆ: ಮಹಾಲಿಂಗ, ಪಂಪ್‌ಮ್ಯಾನ್. ನನ್ನದೇ. ಆ ಕಾಗದದಲ್ಲಿ ಸತ್ತವನ ಹೆಸರು, ತಾರೀಖು ಬಿಟ್ಟರೆ ಮಿಕ್ಕದ್ದೆಲ್ಲ ಸುಳ್ಳು.

ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದವರು ಈರುಳ್ಳಿ ಮಂಡಿಗೆ ಬಂದಿದ್ದ ಹಿರಿಯರು. ನನ್ನ ಬ್ಯಾಗಿನ ಮೇಲಿದ್ದ ಹಡಗಿನ ಚಿತ್ರ ನೋಡಿ, "ಏನ್ ಕೆಲ್ಸನಪ್ಪ ನಿಂದು, ಮಿಲ್ಟ್ರಿನಾ?" ಅಂದರು. ಎಣ್ಣೆ ಸಾಗಿಸುವ ಹಡಗು ಅಂದೆ. "ಬುಡು, ದೇಶ ದೇಶ ಸುತ್ತೀಯೆ, ಪುಣ್ಯವಂತ," ಅಂದರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂದುಕೊಂಡೆ. ಹನ್ನೊಂದು ದೇಶದ ಬಂದರಿಗೆ ಹೋಗಿದ್ದೇನೆ. ಅದರಲ್ಲಿ ಒಂಬತ್ತು ದೇಶಗಳಲ್ಲಿ ನಾನು ನೋಡಿದ್ದು ಸಿಮೆಂಟಿನ ಗೋಡೆ ಮತ್ತು ಎಣ್ಣೆ ಪೈಪು.

ನಮ್ಮದು ತಾಳೆ ಎಣ್ಣೆಯ ಟ್ಯಾಂಕರ್. ಊರಲ್ಲಿ ಬೋಂಡ ಕರಿಯುತ್ತಾರಲ್ಲ, ಅದೇ ಎಣ್ಣೆ. ಹಡಗಿನ ಹೊಟ್ಟೆಯಲ್ಲಿ ಹದಿನಾಲ್ಕು ಟ್ಯಾಂಕು, ಒಂದೊಂದೂ ಮೂರು ಅಂತಸ್ತಿನ ಮನೆಯಷ್ಟು ಆಳ. ಎಣ್ಣೆ ತಣ್ಣಗಾದರೆ ಚಳಿಗಾಲದ ಕೊಬ್ಬರಿ ಎಣ್ಣೆಯ ಹಾಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಬಿಸಿ ಮಾಡುತ್ತಲೇ ಇರಬೇಕು, ದಿನಕ್ಕೆ ಎರಡು ಸಲ ಶಾಖ ನೋಡಿ ಬರೆಯಬೇಕು. ಬೆಳಿಗ್ಗೆ ಆರಕ್ಕೆ ಡೆಕ್ ಮೇಲೆ ನಿಂತರೆ ತುಕ್ಕು ಕೆರೆಯುವುದು, ಬಣ್ಣ ಬಳಿಯುವುದು, ಮತ್ತೆ ತುಕ್ಕು ಕೆರೆಯುವುದು. ಉಪ್ಪುಗಾಳಿಗೂ ನಮಗೂ ನಿಲ್ಲದ ಜಗಳ, ಗೆಲ್ಲುವುದು ಯಾವತ್ತೂ ಅದೇ. ಬಂದರು ಮುಟ್ಟಿದರೆ ಎರಡು ದಿನ ನಿದ್ದೆ ಇಲ್ಲ. ಪಂಪು ನನ್ನ ಪಾಲು, ಅದು ನಿಂತರೆ ಬೈಗುಳವೂ ನನ್ನ ಪಾಲು. ಎಣ್ಣೆ ಇಳಿಸಿ ಖಾಲಿ ಹೊರಟ ಮೇಲೆ ಟ್ಯಾಂಕು ತೊಳೆಯುವ ಕೆಲಸ. ಬಿಸಿನೀರು ಹೊಡೆದು, ಆಮೇಲೆ ಒಳಗಿಳಿದು, ಮೂಲೆಯಲ್ಲಿ ನಿಂತ ಜಿಡ್ಡನ್ನು ಬಾಚಿ ಬಕೆಟ್ಟಿಗೆ ತುಂಬಿ ಮೇಲೆ ಕಳಿಸಬೇಕು. ಆ ವಾಸನೆ ಮೈಗೆ ಹತ್ತಿದರೆ ಒಂದು ಸೋಪು ಮುಗಿದರೂ ಹೋಗುವುದಿಲ್ಲ.

ನಿಂಗರಾಜು ನನಗಿಂತ ಒಂದು ವರ್ಷಕ್ಕೆ ದೊಡ್ಡವನು. ಮೊದಲು ಇಬ್ಬರೂ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಿದ್ದವರು. ಅಲ್ಲಿನ ಒಬ್ಬ ಮಲಯಾಳಿ ಗೆಳೆಯನ ದೆಸೆಯಿಂದ ನಾನು ಮೊದಲು ಹಡಗು ಸೇರಿದೆ, ಮೂರು ವರ್ಷ ಬಿಟ್ಟು ಭಾವನನ್ನೂ ಎಳೆದುಕೊಂಡೆ. ಅವನಿದ್ದರೆ ಡೆಕ್ ಮೇಲೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಒದ್ದೆ ಬಟ್ಟೆಯೊಳಗೆ ಹುರುಳಿಕಾಳು ಮೊಳಕೆ ಕಟ್ಟಿ, ಆ ಘಮಲಿಗೆ ಪಕ್ಕದವರೆಲ್ಲ ಬಂದು ಜಗಳ ತೆಗೆದರೆ, "ತಿಂದ್ ನೋಡಿ, ಆಮೇಲೆ ಬೈರಿ," ಅನ್ನುತ್ತಿದ್ದ. ತಿಂದ ಮೇಲೆ ಯಾರೂ ಬೈಯಲಿಲ್ಲ.

ನಮ್ಮಪ್ಪನ ಕಸುಬನ್ನೂ ಇಲ್ಲಿ ಹೇಳಬೇಕು. ನಮ್ಮಪ್ಪ ಚಿಕ್ಕಬಸವಯ್ಯ ಹಗೇವಿಗೆ ಇಳಿಯುವವನು. ಜಮೀನಿದ್ದವರು ಹಿಂದೆ ರಾಗಿಯನ್ನು ನೆಲದೊಳಗೆ ಗುಂಡಿ ತೋಡಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮೆತ್ತಿಬಿಡುತ್ತಿದ್ದರು. ವರ್ಷ ಎರಡು ವರ್ಷ ಬಿಟ್ಟು ತೆಗೆದಾಗ ಒಳಗೆ ಕೆಟ್ಟ ಗಾಳಿ ಕಟ್ಟಿಕೊಂಡಿರುತ್ತದೆ. ಹಾಗೇ ಇಳಿದವನು ಹೆಣವಾಗಿಯೇ ಬರುತ್ತಾನೆ. ಅಪ್ಪ ಹಗೇವಿನ ಬಾಯಿ ತೆರೆಸಿ, ಒಂದು ಹಗಲು ಹಾಗೇ ಬಿಟ್ಟು, ಸೊಪ್ಪಿನ ಕಟ್ಟು ಇಳಿಬಿಟ್ಟು ಗಾಳಿ ಆಡಿಸಿ, ಕೊನೆಗೆ ಸೀಮೆಎಣ್ಣೆ ಬುಡ್ಡಿ ಹಚ್ಚಿ ಹಗ್ಗದಲ್ಲಿ ತಳದವರೆಗೂ ಬಿಡುತ್ತಿದ್ದ. ಬುಡ್ಡಿ ಆರಿದರೆ ಇಳಿಯುವಂತಿಲ್ಲ. ಉರಿದರೆ ಇಳಿಯಬಹುದು. ಹರವೆ ಸುತ್ತಿನ ಯಾವ ಊರಲ್ಲಿ ಹಗೇವು ತೆಗೆದರೂ ಅಪ್ಪನಿಗೆ ಹೇಳಿಕೆ ಬರುತ್ತಿತ್ತು. ದೊಡ್ಡ ಮನೆಯವರು ನಮ್ಮನ್ನು ಅಂಗಳದಲ್ಲೇ ನಿಲ್ಲಿಸುತ್ತಿದ್ದ ಕಾಲ. ಹಗೇವಿನ ಬಾಯಲ್ಲಿ ಮಾತ್ರ ಅಪ್ಪ ಹೇಳಿದ್ದೇ ಮಾತು.

ಆ ವಿದ್ಯೆಯನ್ನೇ ನಾನು ಹಡಗಿಗೆ ಹೊತ್ತುಕೊಂಡು ಹೋದೆ.

ಐದನೇ ಟ್ಯಾಂಕಿನಲ್ಲಿ ತೊಳೆದ ನೀರು ಮತ್ತು ಜಿಡ್ಡನ್ನು ಮೂರು ವಾರದಿಂದ ಕೂಡಿಹಾಕಿದ್ದೆವು. ಬಿಸಿಲಿಗೆ ಅದು ಕೊಳೆತು ನಾರುತ್ತಿತ್ತು. ಅವತ್ತು ಬೆಳಿಗ್ಗೆ ಅದನ್ನು ಪಂಪು ಮಾಡಿ ಖಾಲಿ ಮಾಡಿದೆ. ಇನ್ನೆರಡು ದಿನದಲ್ಲಿ ಬಂದರು ಮುಟ್ಟಬೇಕಿತ್ತು. ಅಲ್ಲಿ ತಪಾಸಣೆಯವನು ಟಾರ್ಚು ಬಿಟ್ಟು ನೋಡಿ, ಟ್ಯಾಂಕು ಚೊಕ್ಕಟವಿಲ್ಲ ಅಂದರೆ ಹಡಗನ್ನೇ ವಾಪಸ್ಸು ಕಳಿಸುತ್ತಾನೆ. ವಾಪಸ್ಸು ಹೋದರೆ ಮುಂದೆ ಎಲ್ಲಿಗೋ, ಯಾವಾಗಲೋ. ಆದರೆ ಅದೇ ಬಂದರಿನಲ್ಲಿ ನಿಂಗರಾಜು ಇಳಿದು ಊರಿಗೆ ಹೊರಡುವವನಿದ್ದ. ಅವನ ಜಾಗಕ್ಕೆ ಬರುವವನು ಆಗಲೇ ಅಲ್ಲಿ ಬಂದು ಕೂತಿದ್ದ. ಚಂದಕವಾಡಿಯಲ್ಲಿ ಹೊಸ ಮನೆಗೆ ತಾರಸಿ ಹಾಕಿ ಆಗಿತ್ತು, ಮಗಳು ಶೃತಿ ದಿನಾ ಫೋನಿನಲ್ಲಿ, "ಬಾಗ್ಲಿಗೆ ಯಾವ್ ಬಣ್ಣಪ್ಪ?" ಅಂತ ಪೀಡಿಸುತ್ತಿದ್ದಳು. "ನಾನ್ ಬಂದೇ ಹೊಡೀತೀನಿ ಕಣವ್ವ," ಅಂತಿದ್ದ.

ಟ್ಯಾಂಕಿನ ಗಾಳಿ ಅಳೆಯುವ ಮೀಟರು ಎರಡಿತ್ತು. ಒಂದು ರಿಪೇರಿಗೆ ಹೋಗಿತ್ತು. ಇನ್ನೊಂದು ಹೆಸರಿಗೆ ಇತ್ತು. ಬಯಲಲ್ಲಿ ಹಿಡಿದರೂ ಅದೇ ಅಂಕಿ, ಬಾಯಿಂದ ಊದಿದರೂ ಅದೇ ಅಂಕಿ. ಅದು ಸತ್ತಿದೆ ಅಂತ ನನಗೆ ಗೊತ್ತಿತ್ತು. ಚೀಫ್ ಆಫೀಸರ್ ವಾಕಿಟಾಕಿಯಲ್ಲಿ, "ಗಾಳಿ ಚೆಕ್ ಆಯ್ತಾ?" ಅಂತ ಹಿಂದಿಯಲ್ಲಿ ಕೇಳಿದ. "ಆಯ್ತು ಸಾರ್" ಅಂದೆ. ಅವನೂ ಹೆಚ್ಚು ಕೆದಕಲಿಲ್ಲ.

ಯಾಕೆ ಹಾಗೆಂದೆ? ನನಗೆ ಅಪ್ಪನ ಬುಡ್ಡಿ ಗೊತ್ತಿತ್ತು, ಅದಕ್ಕೆ. ಎರಡಕ್ಷರ ಬಾರದ ಅಪ್ಪ ನಲವತ್ತು ವರ್ಷ ಆ ಬುಡ್ಡಿಯಿಂದಲೇ ಬದುಕಿದ್ದ. ಮೀಟರು ಕಂಡುಹಿಡಿದವನು ನಮ್ಮಪ್ಪನಿಗಿಂತ ಹೆಚ್ಚಾ ಅನ್ನುವ ಜಂಭ.

ಎಣ್ಣೆ ಹಡಗಿನ ಡೆಕ್ ಮೇಲೆ ಬೆಂಕಿ ಹಚ್ಚುವುದು ಕೊಲೆಗೆ ಸಮ. ಗೊತ್ತಿದ್ದೂ ಸಿಗರೇಟು ರೂಮಿನಿಂದ ಲೈಟರ್ ಕದ್ದು ತಂದೆ. ಹಾಲಿನಪುಡಿ ಡಬ್ಬಿಯೊಳಗೆ ಮೇಣದಬತ್ತಿ ನಿಲ್ಲಿಸಿ, ತೆಳು ಹಗ್ಗ ಕಟ್ಟಿ, ಮೇಲಿನವರಿಗೆ ಕಾಣದ ಹಾಗೆ ಮಷೀನಿನ ಮರೆಯಲ್ಲಿ ಕೂತು ಹಚ್ಚಿದೆವು. ಟ್ಯಾಂಕಿನ ಬಾಯಿ ತೆರೆದಾಗ ಕೊಳೆತ ಮೊಟ್ಟೆಯ ನಾತ ಮುಖಕ್ಕೆ ಹೊಡೆಯಿತು. ಒಂದೆರಡು ನಿಮಿಷಕ್ಕೆ ಅದೂ ನಿಂತಿತು. ಗಾಳಿ ಆಡಿತು ಅಂದುಕೊಂಡೆವು. ಆ ವಿಷಗಾಳಿ ಮೊದಲು ಮೂಗನ್ನೇ ಕೊಲ್ಲುತ್ತದೆ, ಅದಕ್ಕೇ ವಾಸನೆ ಬರುವುದಿಲ್ಲ ಅಂತ ಆಮೇಲೆ ವಿಚಾರಣೆಗೆ ಬಂದವನೊಬ್ಬ ತಿಳಿಸಿ ಹೇಳಿದ. ಆಮೇಲೆ ತಿಳಿದ ಬುದ್ಧಿ ಯಾರಿಗೆ ಬೇಕು.

ಡಬ್ಬಿ ತಳ ಮುಟ್ಟಿತು. ದೀಪ ಅಲುಗಾಡದೆ ಉರಿಯುತ್ತಿತ್ತು. ಇಬ್ಬರೂ ಬಗ್ಗಿ ನೋಡಿದೆವು.

"ಏನ್ಲಾ ಮಾಲಿಂಗ, ಇಳೀಲಾ?" ಅಂದ ಭಾವ.

"ಇಳಿ ಬಾವ. ಉರೀತಾ ಅದಲ್ಲ," ಅಂದೆ.

"ಸೊಂಟಕ್ ಹಗ್ಗ?"

"ಏಣಿಗೆ ತೊಡ್ರುತ್ತೆ, ಬುಡು."

ಬಕೆಟ್ಟು, ಬಾಚುವ ಹಲಗೆ ತೋಳಿಗೆ ನೇತುಹಾಕಿಕೊಂಡು ಇಳಿದ. ಕೊನೆಯ ಮೆಟ್ಟಿಲಿನಿಂದ ಕಾಲಿಟ್ಟು ನಾಲ್ಕು ಹೆಜ್ಜೆ ಹೋದ. ನಿಂತ. ತಲೆ ಎತ್ತಿ ನನ್ನ ಕಡೆ ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದ. ಆಮೇಲೆ ಗೇಯ್ದು ಸುಸ್ತಾದವನು ಜಗುಲಿ ಮೇಲೆ ಕೂರುವಂತೆ ಮೆಲ್ಲಗೆ ಕೂತ, ಕೂತವನು ಪಕ್ಕಕ್ಕೆ ವಾಲಿದ. ಅವನ ಭುಜದ ಹತ್ತಿರವೇ ದೀಪ ಉರಿಯುತ್ತಿತ್ತು.

"ಬಾವಾ" ಅಂತ ಕೂಗಿದೆ. ಎರಡು ಸಲ ಕೂಗಿದೆ. ಮೂರನೇ ಸಲ ಕೂಗಲಿಲ್ಲ.

ನನ್ನ ಎದೆಯ ಮೇಲೆ ವಾಕಿಟಾಕಿ ಇತ್ತು. ಹತ್ತು ಹೆಜ್ಜೆ ಆಚೆ ಅಲಾರಂ ಗುಂಡಿ ಇತ್ತು. ನಾನು ಎರಡನ್ನೂ ಮುಟ್ಟಲಿಲ್ಲ. ಹಗ್ಗ ಎಳೆದೆ. ಮೂರು ಅಂತಸ್ತಿನ ಆಳದಿಂದ, ಕೈಮೇಲೆ ಕೈ ಹಾಕಿ, ಡಬ್ಬಿ ಗೋಡೆಗೆ ತಗುಲದ ಹಾಗೆ ಜೋಪಾನವಾಗಿ ಎಳೆದೆ. ಮೇಲೆ ಬಂದಾಗಲೂ ಉರಿಯುತ್ತಿತ್ತು. ಡಬ್ಬಿ, ಹಗ್ಗ, ಲೈಟರು ಮೂರನ್ನೂ ಸಮುದ್ರಕ್ಕೆ ಎಸೆದೆ. ಆಮೇಲೆ ಅಲಾರಂ ಹೊಡೆದೆ.

ಎಷ್ಟು ಹೊತ್ತು ಹಿಡಿದಿರಬಹುದು? ಒಂದು ನಿಮಿಷ, ಒಂದೂವರೆ ನಿಮಿಷ. ಆ ಹೊತ್ತು ಸಿಕ್ಕಿದ್ದರೆ ಅವನು ಬದುಕುತ್ತಿದ್ದನೋ ಇಲ್ಲವೋ ಯಾರೂ ಹೇಳಿಲ್ಲ. ನಾನು ಕೇಳಲೂ ಇಲ್ಲ. ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಇಬ್ಬರು ಇಳಿದು ಅವನನ್ನು ಮೇಲೆ ತರುವ ಹೊತ್ತಿಗೆ ಹದಿನೆಂಟು ನಿಮಿಷ ಆಗಿತ್ತು. ಡೆಕ್ ಮೇಲೆ ಮಲಗಿಸಿ ಒಂದು ಗಂಟೆ ಎದೆ ಒತ್ತಿದೆವು. ನನ್ನ ಸರದಿ ಮುಗಿದರೂ ನಾನು ಬಿಡಲಿಲ್ಲ, ಕೊನೆಗೆ ನನ್ನನ್ನೇ ಎಳೆದು ಹಾಕಿದರು.

ಕಾಗದ ಬರೆದದ್ದು ಕ್ಯಾಪ್ಟನ್. ಚೀಫ್ ಆಫೀಸರ್ ತಾನು ಗಾಳಿ ಚೆಕ್ ಬಗ್ಗೆ ಕೇಳಲಿಲ್ಲ ಅಂದ, ನಾನು ಆಯ್ತು ಅಂತ ಹೇಳಲಿಲ್ಲ ಅಂದೆ. ಸತ್ತವನು ಎದ್ದು ಬಂದು ಇಲ್ಲ ಅನ್ನುವುದಿಲ್ಲವಲ್ಲ. ಹೆಣ ವಿಮಾನದಲ್ಲಿ ಊರಿಗೆ ಹೋಯಿತು. ನನ್ನ ಬದಲಿಗೆ ಆಳಿಲ್ಲ ಅಂತ ನನ್ನನ್ನು ಬಿಡಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಹಟ ಹಿಡಿಯಲಿಲ್ಲ. ಶಾಂತಿಯ ಮುಖ ನೋಡುವುದು ನಾಲ್ಕು ತಿಂಗಳು ತಪ್ಪಿತಲ್ಲ ಅಂತ ಒಳಗೊಳಗೇ ಸಮಾಧಾನವಾಗಿತ್ತು. ಅಂಥ ಹೇಡಿ ನಾನು.

ಚಂದಕವಾಡಿ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಮನೆಗೆ ಇನ್ನೂ ಗಾರೆ ಆಗಿರಲಿಲ್ಲ, ಬಾಗಿಲಿಗೆ ಬಣ್ಣವೂ ಇಲ್ಲ. ಜಗುಲಿಯ ಮೇಲೆ ಅಪ್ಪ ಕೂತಿದ್ದ. ಅಳಿಯ ಸತ್ತ ಮೇಲೆ ಮಗಳ ಜೊತೆಗೇ ಇರಲು ಬಂದಿದ್ದಾನೆ. ಎಪ್ಪತ್ತೆಂಟಾದರೂ ಬೆನ್ನು ಬಾಗಿಲ್ಲ. ಶಾಂತಿ ಅಂಗನವಾಡಿಯಿಂದ ಆಗ ತಾನೆ ಬಂದವಳು, ಸೀರೆಯನ್ನೂ ಬದಲಿಸದೆ ನಿಂತಿದ್ದಳು.

"ಬಂದ್ಯಾಣ್ಣ," ಅಂದಳು. ಅಳಲಿಲ್ಲ. "ಕೂತ್ಕ. ದಾರೀಲಿ ಏನಾರ ತಿಂದ್ಯಾ?"

ತಿಂದೆ ಅಂತ ಸುಳ್ಳು ಹೇಳಿದೆ. ಟೀ ತಂದಿಟ್ಟು ಎದುರಿಗೆ ನೆಲದ ಮೇಲೆ ಕೂತಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು. ನಾಲ್ಕು ತಿಂಗಳಿಂದ ಹೇಳಿಕೊಳ್ಳಲು ಅಣ್ಣ ಒಬ್ಬ ಬರಲಿ ಅಂತ ಕಾದಿದ್ದಳೇನೋ.

"ಕಂಪ್ನಿ ಕಾಗ್ದನ ಪಂಚಾಯ್ತಿ ಮೆಂಬ್ರು ಓದಿ ಹೇಳುದ್ರು. ಯಾರ್ನೂ ಕೇಳ್ದಂಗೆ ಇಳ್ದ ಅಂತ ಬರ್ದವ್ರೆ. ಅವತ್ತಿಂದ ಊರೋರ್ ಬಾಯಿಗೆ ಬೀಗ ಇಲ್ಲ. ಕುಡ್ದಿದ್ನಂತೆ ಅಂತಾರೆ. ಸಂಸಾರ ಬ್ಯಾಸ್ರಾಗಿ ತಾನೇ ಬಿದ್ನಂತೆ ಅಂತಾರೆ. ಶೃತೀಗೂ ಯಾರೋ ಅಂಗೇ ಅಂದವ್ರೆ. ಸ್ಕೂಲ್ಗೆ ಓಗಿ ಹದಿನೈದ್ ದಿನ ಆಯ್ತು. ಎಷ್ಟ್ ಹೊಡುದ್ರೂ ಓಗಾಕಿಲ್ಲ ಅಂತಾಳೆ."

ಒಳಮನೆಯ ಕತ್ತಲಲ್ಲಿ ಹುಡುಗಿ ಗೋಡೆಗೆ ಒರಗಿ ಕೂತದ್ದು ಆಗ ಕಾಣಿಸಿತು. ಎಂಟನೇ ಕ್ಲಾಸಿನ ಮಗು. ಮಾವ ಬಂದರೆ ಬ್ಯಾಗಿಗೆ ಕೈ ಹಾಕುವವಳು, ಇವತ್ತು ಎದ್ದೂ ಬರಲಿಲ್ಲ.

"ನೀನಾರ ಹೇಳಣ್ಣ. ಅಂವ ಕುಡ್ದಿದ್ನಾ?"

"ಇಲ್ಲ ಕಣಮ್ಮಿ. ನಿನ್ನಾಣೆಗೂ ಇಲ್ಲ."

"ಮತ್ತೆ ಯಾಕ್ ಅಂಗ್ ಇಳ್ದ?"

ನಾನು ಟೀ ಲೋಟ ಹಿಡಿದು ಕೂತೆ. ಅಷ್ಟರಲ್ಲಿ ಅಪ್ಪ ಜಗುಲಿಯಿಂದ ಎದ್ದು ಒಳಗೆ ಬಂದ. ಬಂದವನು ನನ್ನ ಮುಖ ನೋಡದೆ ಕೇಳಿದ.

"ಮಾಲಿಂಗ, ಒಂದ್ ಮಾತ್ ಕೇಳ್ತೀನಿ. ಬುಡ್ಡಿ ಇಳಿಬುಟ್ಟು ನೋಡಿದ್ರಾ?"

ಅತ್ತ ದರಿ ಇತ್ತ ಪುಲಿ. ಇಲ್ಲ ಅಂದರೆ ಭಾವ ದಡ್ಡನಾಗಿ, ಹುಂಬನಾಗಿಯೇ ಉಳಿಯುತ್ತಾನೆ. ಹೌದು ಅಂದರೆ ಅಪ್ಪ ಜೀವಮಾನವೆಲ್ಲ ನಂಬಿದ, ನಾಲ್ಕು ಜನರ ಮುಂದೆ ತಲೆಯೆತ್ತಿ ನಿಂತ ಒಂದೇ ಒಂದು ವಿದ್ಯೆ ಅವನ ಅಳಿಯನನ್ನು ಕೊಂದಿತು ಅಂತ ಅವನ ಮುಖಕ್ಕೇ ಹೇಳಿದಂತೆ. ಒಳಮನೆಯಿಂದ ಹುಡುಗಿಯ ಬಳೆ ಸದ್ದಾಯಿತು.

"ಬುಟ್ಟು ನೋಡ್ದೊ ಕಣಪ್ಪ," ಅಂದೆ. "ಬುಟ್ಟಿದ್ದೇ ನಾನು. ಉರೀತಿತ್ತು. ಬಾವ ಇಳೀಲಾ ಅಂತ ಕೇಳ್ದ. ನಾನೇ ಇಳಿ ಅಂದೆ. ಒಳಗೆ ಗಾಳಿ ಇತ್ತಂತೆ, ಅದ್ರಲ್ಲಿ ವಿಷಾನೂ ಇತ್ತಂತೆ. ದೀಪುಕ್ಕೆ ಅದು ಗೊತ್ತಾಗಾಕಿಲ್ಲ. ಕಾಗ್ದದಲ್ಲಿರದು ಸುಳ್ಳು. ಸೈನ್ ಹಾಕಿರದೂ ನಾನೇ."

ಮೊದಲನೇ ಮಾತು ಮುಗಿಯಿತು. ಶಾಂತಿ ಕಣ್ಣು ಮಿಟುಕಿಸದೆ ನೋಡಿದಳು. ಅವಳು ಕೂಗಾಡುತ್ತಾಳೆ, ಎದ್ದು ಬಂದು ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅಪ್ಪ ಕಂಬಕ್ಕೆ ಒರಗಿ ಕೂತ.

"ಮಾರಯ್ಯ ಸತ್ತ ದಿನಾನೂ ಬುಡ್ಡಿ ಉರೀತಿತ್ತು ಕಣ್ಲಾ," ಅಂದ.

ಮಾರಯ್ಯ ಅಪ್ಪನ ತಮ್ಮ. ನಾನು ಹುಟ್ಟುವ ಮೊದಲೇ ಯಾರದೋ ಹಗೇವಿನಲ್ಲಿ ಸತ್ತವನು. ಬುಡ್ಡಿ ಬಿಡದೆ ಇಳಿದ, ಸತ್ತ ಅಂತಲೇ ನಾವೆಲ್ಲ ಕೇಳಿ ಬೆಳೆದದ್ದು.

"ಬುಡ್ಡಿ ನಾನೇ ಬುಟ್ಟಿದ್ದೆ," ಅಂದ ಅಪ್ಪ. "ಸಣ್ಣಕ್ ಉರೀತಿತ್ತು. ಆರ್ನಿಲ್ಲ. ಇಳಿ ಕಣ್ಲಾ ಅಂದೆ. ಇಳ್ದೋನು ಏಳ್ನಿಲ್ಲ. ಬುಡ್ಡಿ ಉರುದ್ರೂ ಸಾಯ್ತಾರೆ ಅಂತ ಗೊತ್ತಾದ್ರೆ ಆಮೇಲೆ ನನ್ನ ಯಾರ್ ಕರೀತಿದ್ರು? ಅನ್ನ ಎಲ್ಲಿತ್ತು? ಅಂವ ನನ್ ಮಾತ್ ಕೇಳ್ನಿಲ್ಲ, ಬುಡ್ಡಿ ಬುಡ್ದೆ ಇಳ್ದ ಅಂದ್ಬುಟ್ಟೆ. ನಿಂಗೂ ಅದ್ನೇ ಹೇಳ್ಕೊಟ್ಬುಟ್ಟೆ."

ನನಗೆ ಮೊದಲು ಬಂದದ್ದು ಸಿಟ್ಟು. ಲೋಟ ಎಸೆದು ಎದ್ದುನಿಂತೆ. ಐವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡಿದ್ದೆಯಲ್ಲೋ ಮುದುಕ, ಒಂದು ಸಲ ಉಗುಳಿದ್ದರೆ ಭಾವ ಬದುಕಿರುತ್ತಿದ್ದ ಅಂತ ಅಬ್ಬರಿಸಿದೆ. ಅಪ್ಪ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಕೂಗುತ್ತಾ ಕೂಗುತ್ತಾ ನನ್ನ ಎದೆ ಹಗುರಾಗುತ್ತಿತ್ತು. ತಪ್ಪು ಹೊರಿಸಲು ಒಬ್ಬ ಸಿಕ್ಕಿದ್ದ. ಇನ್ನು ಎರಡನೇ ಮಾತು ಹೇಳದಿದ್ದರೂ ನಡೆಯುತ್ತದೆ, ಅದು ನನ್ನ ಜೊತೆಗೇ ಮಣ್ಣಾಗಲಿ ಅನ್ನಿಸಿತು. ಆ ಆಸೆ ಬಂದದ್ದು ನಿಜ, ಮುಚ್ಚಿಟ್ಟು ಏನು ಪ್ರಯೋಜನ.

"ಅಣ್ಣ," ಅಂದಳು ಶಾಂತಿ. "ಅಷ್ಟ್ ಜನ ಓಡ್ಬಂದ್ರಲ್ಲ, ಆ ದೀಪ ಯಾರ್ ಕಣ್ಗೂ ಬೀಳ್ನಿಲ್ವಾ?"

ನನ್ನ ಕೂಗು ನಿಂತಿತು.

"ಸಮುದ್ರುಕ್ಕೆ ಎಸ್ದೆ."

"ಯಾವಾಗ?"

ಆಮೇಲೆ ಅನ್ನಬಹುದಿತ್ತು. ಹಡಗು ನೋಡದ ಹೆಂಗಸು, ನಂಬುತ್ತಿದ್ದಳು. ಅಪ್ಪ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ಇದ್ದದ್ದು ಬೈಗುಳವಲ್ಲ. ನಾನು ಏನು ಹೇಳುವೆನೆಂದು ಅವನಿಗೆ ಆಗಲೇ ಗೊತ್ತಾಗಿಬಿಟ್ಟಿತ್ತು.

"ಮೊದ್ಲು," ಅಂದೆ. "ಅಲಾರಂ ಹೊಡಿಯಕ್ಕೂ ಮೊದ್ಲು. ಬಾವ ಕೆಳಗ್ ಬಿದ್ದಿದ್ದ. ನಾನ್ ದೀಪ ಎಳೀತಿದ್ದೆ."

ಶಾಂತಿ ನೆಲದ ಮೇಲೆ ಉರುಳಿದ್ದ ಲೋಟ ಎತ್ತಿ ಮೂಲೆಗಿಟ್ಟಳು, ಚೆಲ್ಲಿದ ಟೀಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಎದ್ದು ಹೋಗು ಅಂದರೆ ಹೋಗುತ್ತಿದ್ದೆ. ಸಾಯಿ ಅಂದಿದ್ದರೂ ಅಷ್ಟೇ.

"ಶೃತಿ," ಅಂತ ಕರೆದಳು. "ಬಾರವ್ವ ಇಲ್ಲಿ."

ಹುಡುಗಿ ಬಂದು ಅವ್ವನ ಪಕ್ಕ ನಿಂತಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಬ್ಯಾಡ ಕಣಮ್ಮಿ, ಮಗೀಗೆ ಬ್ಯಾಡ," ಅಂದ ಅಪ್ಪ.

"ನೀನ್ ಸುಮ್ಕಿರಪ್ಪ. ನೀವಿಬ್ರೂ ಸುಮ್ಕಿದ್ದಿದ್ದು ಸಾಕು." ಮಗಳ ಕೈ ಹಿಡಿದು ನನ್ನ ಎದುರಿಗೆ ಕೂರಿಸಿದಳು. "ನಿಮ್ಮಾವ ಹೇಳ್ತಾನೆ, ಸರಿಯಾಗ್ ಕೇಳುಸ್ಕ. ನಾಳೆ ಸ್ಕೂಲಲ್ಲಿ ಯಾರಾರ ಕೇಳುದ್ರೆ ಹೇಳ್ಬೇಕಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಹೇಳು. ಎಲ್ಲಾನೂ ಹೇಳು."

ಹುಡುಗಿ ನನ್ನನ್ನೇ ನೋಡುತ್ತಾ ಕೂತಳು. ಕಣ್ಣು ಥೇಟು ಅವಳಪ್ಪನದೇ.

"ನಿಮ್ಮಪ್ಪ ಕೇಳ್ದೆ ಇಳಿನಿಲ್ಲ ಕಣವ್ವ," ಅಂದೆ. "ಇಳೀಲಾ ಅಂತ ಕೇಳ್ದ. ಇಳಿ ಅಂದೋನು ನಾನು."

ಅಲ್ಲಿಗೆ ನಿಲ್ಲಿಸಿದೆ. ಇಷ್ಟಕ್ಕೇ ಬಿಡುತ್ತಾಳೇನೋ ಅಂತ ಶಾಂತಿಯ ಮುಖ ನೋಡಿದೆ.

"ಮುಂದುಕ್ ಹೇಳು," ಅಂದಳು.